ಅಂಡಮಾನ್‌ನಲ್ಲಿ ಗೆಳೆಯರ ಜೊತೆ ಜಿಟಿ ಬೇಟೆ: ಗುಂಪು ಕಟ್ಟುವುದರಿಂದ ಮೀನು ವಾಪಸ್ ಬಿಡುವವರೆಗೆ

ಅಂಡಮಾನ್‌ಗೆ ದೊಡ್ಡ ಮೀನು ಹಿಡಿಯಲು ಹೋದವರು ವಾಪಸ್ ಬಂದು ಹೇಳುವುದು ಹೆಚ್ಚುಕಡಿಮೆ ಒಂದೇ ಕಥೆ. ಮೀನು ಹೊಡೆಯಿತು, ನಾಲ್ಕೈದು ಸೆಕೆಂಡ್ ರೀಲ್ ಕಿರುಚಿತು, ಆಮೇಲೆ ದಾರ ಸಡಿಲ. ಜಾಗ ಸರಿ ಇರಲಿಲ್ಲ, ಬೋಟಿನವನಿಗೆ ಗೊತ್ತಾಗಲಿಲ್ಲ, ಅದೃಷ್ಟ ಕೈಕೊಟ್ಟಿತು ಅಂತ ಕಾರಣಗಳು. ಆದರೆ ಕಡಿದು ಬಂದ ದಾರದ ತುದಿಯನ್ನು ಕೈಯಲ್ಲಿ ಹಿಡಿದು ನೋಡಿ. ತುದಿ ಗುಂಗುರಾಗಿ ಸುರುಳಿ ಸುತ್ತಿಕೊಂಡಿದ್ದರೆ ಗಂಟು ಜಾರಿದೆ. ಬಹಳಷ್ಟು ಮೀನುಗಳು ಹೀಗೆ, ಹೊರಡುವ ಮೊದಲೇ, ಮನೆಯಲ್ಲಿ ಕೂತು ಗಂಟು ಹಾಕುವಾಗಲೇ ಕೈತಪ್ಪಿರುತ್ತವೆ.

ಹಾಗಾಗಿ ಇಲ್ಲಿ ಮನೆಯ ಕೆಲಸಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಗುರಿ ಒಂದೇ ಮೀನು: ಜೈಂಟ್ ಟ್ರೆವಲಿ, ಎಲ್ಲರ ಬಾಯಲ್ಲಿ ಜಿಟಿ. ಅಂಡಮಾನ್‌ನಲ್ಲಿ 20 ಕಿಲೋ ದಾಟಿದ ಜಿಟಿ ಸಿಗುವುದು ಅಪರೂಪವಲ್ಲ. ಈ ಜಾತಿಯ ವಿಶ್ವದಾಖಲೆ 72.8 ಕಿಲೋ, 2006ರಲ್ಲಿ ಜಪಾನ್‌ನಲ್ಲಿ ಸಿಕ್ಕಿದ್ದು. ಸಾಮಾನು ಕೊಳ್ಳುವಾಗ ಈ ಅಳತೆ ತಲೆಯಲ್ಲಿರಲಿ.

ಹಂತ 1: ಗುಂಪು ಕಟ್ಟುವುದು

ಒಂದು ಬೋಟಿಗೆ ನಾಲ್ಕು ಜನ ಸಾಕು. ಖರ್ಚು ಹಂಚಿಕೊಳ್ಳೋಣ ಅಂತ ಆರು ಜನ ಸೇರಿಸಬೇಡಿ. ನೂರು ನೂರೈವತ್ತು ಗ್ರಾಂ ತೂಕದ, ದೊಡ್ಡ ಕೊಕ್ಕೆ ಇರುವ ಪಾಪರ್ (ನೀರಿನ ಮೇಲೆ ಸದ್ದು ಮಾಡುವ ನಕಲಿ ಮೀನು) ಬೀಸುವಾಗ ಒಂದು ಬೋಟಿನಲ್ಲಿ ಒಮ್ಮೆಗೆ ಇಬ್ಬರಿಗೆ ಮಾತ್ರ ಜಾಗ: ಒಬ್ಬರು ಮುಂದೆ, ಒಬ್ಬರು ಹಿಂದೆ. ನಾಲ್ಕು ಜನರಿದ್ದರೆ ಇಬ್ಬರು ಬೀಸುತ್ತಾರೆ, ಇಬ್ಬರು ಸುಸ್ತು ಆರಿಸಿಕೊಳ್ಳುತ್ತಾರೆ. ಆರು ಜನರಾದರೆ ದಿನದ ಮೂರನೇ ಎರಡು ಪಾಲು ಸುಮ್ನೆ ಕೂತಿರುವವರು ಹುಟ್ಟಿಕೊಳ್ಳುತ್ತಾರೆ, ಸಂಜೆ ಹೊತ್ತಿಗೆ ಮುಖ ಊದಿಸಿಕೊಳ್ಳುತ್ತಾರೆ.

ದುಡ್ಡಿನ ಮಾತು ಮೊದಲೇ ಮುಗಿಸಿ. ಬಾಡಿಗೆ ತಂದ ರಾಡ್ ಮುರಿದರೆ ಯಾರು ಕೊಡಬೇಕು? ಹವಾಮಾನ ಕೆಟ್ಟು ಒಂದು ದಿನ ಹೋಗದಿದ್ದರೆ? ಒಬ್ಬನಿಗೆ ವಾಂತಿಯಾಗಿ ಬೇಗ ವಾಪಸ್ ಬರಬೇಕಾದರೆ? ಈ ಮೂರಕ್ಕೂ ಉತ್ತರ ಹೊರಡುವ ಮೊದಲೇ ವಾಟ್ಸಾಪ್ ಗುಂಪಿನಲ್ಲಿ ಬರಹದಲ್ಲಿ ಇರಲಿ. ಮೀನು ಹಿಡಿಯುವ ಹುಚ್ಚು ಇಲ್ಲದ ಗೆಳೆಯನನ್ನು ಒತ್ತಾಯ ಮಾಡಿ ಬೋಟ್ ಹತ್ತಿಸಬೇಡಿ. ಅವನು ಹ್ಯಾವ್‌ಲಾಕ್‌ನಲ್ಲಿ, ಈಗಿನ ಸ್ವರಾಜ್ ದ್ವೀಪದಲ್ಲಿ, ಸ್ಕೂಬಾ ಮಾಡಿಕೊಂಡು ಖುಷಿಯಾಗಿರುತ್ತಾನೆ.

ಹಂತ 2: ದಿನ ಗೊತ್ತು ಮಾಡುವುದು

ರಜೆ ಸಿಕ್ಕಿದ ವಾರಕ್ಕೆ ಟಿಕೆಟ್ ಮಾಡಿ ಆಮೇಲೆ ಸಮುದ್ರದ ಲೆಕ್ಕ ಹಾಕುವುದು ದೊಡ್ಡ ತಪ್ಪು. ಜನವರಿಯಿಂದ ಏಪ್ರಿಲ್ ಮೊದಲ ವಾರದವರೆಗೆ ಸಮುದ್ರ ಸಾಮಾನ್ಯವಾಗಿ ಶಾಂತ. ಮೇ ತಿಂಗಳಿಂದ ನೈಋತ್ಯ ಮುಂಗಾರು, ನವೆಂಬರ್ ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತದ ಭಯ. ಮಲ್ಪೆ, ಮಂಗಳೂರಲ್ಲಿ ಜೂನ್ ಜುಲೈನಲ್ಲಿ ದೋಣಿ ದಡ ಸೇರುವಂತೆ, ಪೂರ್ವ ಕರಾವಳಿ ಮತ್ತು ಅಂಡಮಾನ್ ಕಡೆ ಏಪ್ರಿಲ್ 15ರಿಂದ ಜೂನ್ 14ರವರೆಗೆ ಮೀನುಗಾರಿಕೆ ನಿಷೇಧದ ಕಾಲ. ಆ ದಿನಗಳಿಗೆ ಯಾರಾದರೂ ಬುಕಿಂಗ್ ಕೊಡುತ್ತೇನೆ ಅಂದರೆ ಯಾವ ಅನುಮತಿಯ ಮೇಲೆ ಅಂತ ಕೇಳಿ.

ಆಮೇಲೆ ಪಂಚಾಂಗ ತೆಗೆಯಿರಿ. ಜಿಟಿ ಹವಳದ ದಿಬ್ಬದ ಅಂಚಿನಲ್ಲಿ ಹೊಂಚು ಹಾಕುವ ಮೀನು, ನೀರು ಓಡುತ್ತಿದ್ದರೆ ಮಾತ್ರ ಚುರುಕಾಗುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಸುತ್ತಮುತ್ತ ಉಬ್ಬರ ಇಳಿತದ ಅಂತರ ದೊಡ್ಡದು, ಸೆಳೆತ ಜೋರು. ಅಷ್ಟಮಿಯ ಹೊತ್ತಿಗೆ ನೀರು ಮಂದವಾಗುತ್ತದೆ. ನಾಲ್ಕು ದಿನದ ಟ್ರಿಪ್ ಆದರೆ ಅಮಾವಾಸ್ಯೆ ಅಥವಾ ಹುಣ್ಣಿಮೆ ಆ ನಾಲ್ಕರೊಳಗೆ ಬೀಳುವಂತೆ ನೋಡಿಕೊಳ್ಳಿ. ಅಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಆ ದಿನಗಳ ಉಬ್ಬರದ ಪಟ್ಟಿ ಮೊದಲೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ.

ಹಂತ 3: ಬೋಟಿನವರನ್ನು ಕೇಳಬೇಕಾದ ಪ್ರಶ್ನೆ

ರೇಟು ಕೊನೆಗೆ ಕೇಳಿ. ಮೊದಲು ಇವು: ಗೇಮ್ ಫಿಶಿಂಗ್‌ಗೆ ಆಡಳಿತದ ಅನುಮತಿ ಇದೆಯಾ, ಲೈಫ್ ಜಾಕೆಟ್ ಇದೆಯಾ ಅಂತಷ್ಟೇ ಅಲ್ಲ, ಪ್ರತಿ ಮನುಷ್ಯನಿಗೂ ಇದೆಯಾ, ದಡಕ್ಕೆ, ಬೇರೆ ಬೋಟಿಗೆ ಮಾತಾಡುವ ವಿಎಚ್‌ಎಫ್ ರೇಡಿಯೋ ಕೆಲಸ ಮಾಡುತ್ತದಾ, ಎರಡು ಎಂಜಿನ್ ಇದೆಯಾ, ನೆರಳಿಗೆ ಮೇಲ್ಛಾವಣಿ ಇದೆಯಾ. ಎಂಜಿನ್ ಪ್ರಶ್ನೆ ಬಿಡಲೇಬೇಡಿ. ಬಂಡೆಯ ಹತ್ತಿರ, ಸೆಳೆತದಲ್ಲಿ, ಒಂದೇ ಎಂಜಿನ್ ನಿಂತರೆ ಅಲೆ ನಿಮ್ಮನ್ನು ಸೀದಾ ಬಂಡೆಗೆ ತಳ್ಳುತ್ತದೆ.

ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ ಅಂತಲೂ ಕೇಳಿ. ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ, ರಿಚೀಸ್ ದ್ವೀಪಸಮೂಹದ ರಾಣಿ ಝಾನ್ಸಿ ಸಾಗರ ರಾಷ್ಟ್ರೀಯ ಉದ್ಯಾನ, ಇವುಗಳ ಒಳಗೆ ಮೀನು ಹಿಡಿಯುವಂತಿಲ್ಲ. ಉತ್ತರ ಸೆಂಟಿನೆಲ್ ದ್ವೀಪದ ಸುತ್ತ ಐದು ನಾಟಿಕಲ್ ಮೈಲಿಯೊಳಗೆ ಹೋಗುವಂತೆಯೇ ಇಲ್ಲ, ಹೋದರೆ ಜೈಲು. "ನಮಗೆ ಎಲ್ಲ ಕಡೆ ಅಡ್ಜಸ್ಟ್ ಇದೆ ಸರ್" ಅನ್ನುವವರ ಫೋನ್ ಅಲ್ಲೇ ಇಟ್ಟುಬಿಡಿ.

ಹಂತ 4: ಸಾಮಾನು

ಇಲ್ಲಿ ಎರಡು ತಪ್ಪು. ಒಂದು, ಕಾವೇರಿಯಲ್ಲಿ ಗಾಳ ಹಾಕಲು ಇಟ್ಟುಕೊಂಡ ರಾಡನ್ನೇ ತರುವುದು. ಎರಡು, ಇಡೀ ಬಜೆಟ್ಟನ್ನು ರೀಲಿಗೆ ಸುರಿದು ಕೊಕ್ಕೆ, ರಿಂಗು, ಸ್ವಿವೆಲ್ (ತಿರುಗುವ ಕೊಂಡಿ) ಅಗ್ಗದ್ದು ತರುವುದು. ಬಲ ಕಡಿಮೆ ಇರುವ ಕೊಂಡಿಯಲ್ಲೇ ಎಲ್ಲವೂ ಬಿಚ್ಚಿಕೊಳ್ಳುತ್ತದೆ.

ಬೇಕಾದ್ದು ಇಷ್ಟು. ಏಳೂವರೆಯಿಂದ ಎಂಟು ಅಡಿಯ, ಪಿಇ 8 (ಪಿಇ ಅಂದರೆ ದಾರದ ದಪ್ಪದ ಅಳತೆ) ದಾರಕ್ಕೆ ಮಾಡಿದ ಪಾಪಿಂಗ್ ರಾಡ್. 14000ದಿಂದ 20000 ಅಳತೆಯ ಉಪ್ಪುನೀರಿನ ಸ್ಪಿನ್ನಿಂಗ್ ರೀಲ್. ಶಿಮಾನೋ ಸ್ಟೆಲ್ಲಾ, ಡೈವಾ ಸಾಲ್ಟಿಗಾ ಕೈಗೆಟುಕದಿದ್ದರೆ ಶಿಮಾನೋ ಸರಗೋಸಾ, ಪೆನ್ ಸ್ಲ್ಯಾಮರ್ ಕೂಡ ಕೆಲಸ ಮಾಡುತ್ತವೆ. ಪಿಇ 8 ಬ್ರೇಡ್, ಅಂದರೆ ಎಳೆ ಹೆಣೆದ ದಾರ, 300 ಮೀಟರ್. ಲೀಡರ್‌ಗೆ, ಅಂದರೆ ಪಾಪರ್ ಕಟ್ಟುವ ಕೊನೆಯ ದಪ್ಪ ದಾರಕ್ಕೆ, 150ರಿಂದ 200 ಪೌಂಡಿನ ನೈಲಾನ್. ಪಾಪರ್ ಎರಡು ಮೂರು, ಸ್ಟಿಕ್‌ಬೇಟ್ (ಉದ್ದನೆಯ ನಕಲಿ ಮೀನು) ಎರಡು ಮೂರು. ಸೊಂಟಕ್ಕೆ ಕಟ್ಟುವ ಗಿಂಬಲ್ ಬೆಲ್ಟ್, ಉದ್ದ ಮೂಗಿನ ಇಕ್ಕಳ, ಬ್ರೇಡ್ ಕತ್ತರಿ, ಕೈಗವಸು. ದಪ್ಪ ಕೊಕ್ಕೆಯನ್ನೂ ಕತ್ತರಿಸುವ ಕಟಿಂಗ್ ಪ್ಲೇಯರ್ ಒಂದು. ಇದು ಮೀನಿಗಲ್ಲ, ಕೊಕ್ಕೆ ಮನುಷ್ಯನಿಗೆ ಚುಚ್ಚಿದರೆ ಬೇಕು.

ಪೆಟ್ಟಿಗೆಯಿಂದ ತೆಗೆದ ಪಾಪರ್‌ನಲ್ಲಿ ಮೂರು ಮುಳ್ಳಿನ ಕೊಕ್ಕೆ ಇದ್ದರೆ ಬಿಚ್ಚಿ, ಗಟ್ಟಿ ಒಂಟಿ ಕೊಕ್ಕೆ ಹಾಕಿ. ಪ್ರತಿ ಕೊಕ್ಕೆಯ ಬಾರ್ಬನ್ನು (ತುದಿಯ ಹಿಮ್ಮುಳ್ಳನ್ನು) ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ. ಮೀನು ತಪ್ಪಿಸಿಕೊಳ್ಳುತ್ತದೆ ಅಂತ ಹೆದರಬೇಡಿ, ದಾರ ಬಿಗಿಯಾಗಿದ್ದರೆ ತಪ್ಪಿಸಿಕೊಳ್ಳುವುದಿಲ್ಲ. ಕೊಕ್ಕೆ ಬದಲಿಸಿದ ಮೇಲೆ ಒಂದು ಡ್ರಮ್ ನೀರಿನಲ್ಲಿ ತೇಲಿಸಿ ನೋಡಿ. ಕೊಕ್ಕೆ ಭಾರ ಜಾಸ್ತಿಯಾಗಿ ತೇಲಬೇಕಾದ ಸ್ಟಿಕ್‌ಬೇಟ್ ಮುಳುಗಿದರೆ ಅದು ಸಮುದ್ರದಲ್ಲೂ ಸತ್ತ ಹಾಗೆ ಬಿದ್ದಿರುತ್ತದೆ.

ಹಂತ 5: ದಾರ ಸುತ್ತುವುದು ಮತ್ತು ಎಫ್‌ಜಿ ಗಂಟು

ಹೊರಡುವ ಎರಡು ವಾರ ಮೊದಲೇ ಈ ಕೆಲಸ ಶುರುವಾಗಬೇಕು. ವಿಮಾನ ಹತ್ತುವ ಹಿಂದಿನ ರಾತ್ರಿ ಕೂರುವ ಕೆಲಸ ಇದಲ್ಲ.

ಬ್ರೇಡನ್ನು ಸ್ಪೂಲಿಗೆ (ರೀಲಿನಲ್ಲಿ ದಾರ ಸುತ್ತುವ ಭಾಗಕ್ಕೆ) ನೇರವಾಗಿ ಸುತ್ತಿದರೆ ಇಡೀ ಸುರುಳಿ ಜಾರುತ್ತದೆ. ಕೆಳಗೆ ಸ್ವಲ್ಪ ನೈಲಾನ್ ಸುತ್ತಿ, ಅದರ ಮೇಲೆ ಬ್ರೇಡ್. ಗೆಳೆಯನೊಬ್ಬ ದಾರದ ರೀಲನ್ನು ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಹಿಡಿದಿರಲಿ, ನೀವು ಭಾರದ ಮೇಲೆ ಸುತ್ತಿ. ಹೆಬ್ಬೆರಳಲ್ಲಿ ಒತ್ತಿದರೆ ಸ್ಪೂಲ್ ಗಟ್ಟಿಯಾಗಿ ಅನ್ನಿಸಬೇಕು. ಮೆತ್ತಗಿದ್ದರೆ ಬಿಚ್ಚಿ ಮತ್ತೆ ಸುತ್ತಿ. ಸಡಿಲ ಸುತ್ತಿದ ದಾರ ಮೀನು ಎಳೆದಾಗ ಒಳಸುತ್ತಿನೊಳಗೆ ಕಚ್ಚಿಕೊಳ್ಳುತ್ತದೆ, ರೀಲ್ ದಿಢೀರ್ ನಿಲ್ಲುತ್ತದೆ, ಅಲ್ಲಿಗೆ ಕಥೆ ಮುಗಿಯಿತು.

ಈಗ ಗಂಟು. ಬ್ರೇಡ್ ಮತ್ತು ಲೀಡರ್ ಸೇರಿಸಲು ಎಫ್‌ಜಿ ಗಂಟು ಕಲಿಯಿರಿ. ಗಂಟು ಅಂತ ಹೆಸರು, ನಿಜದಲ್ಲಿ ಇದು ಹೆಣಿಗೆ. ದಪ್ಪ ಲೀಡರ್ ಮಡಚುವುದೇ ಇಲ್ಲ, ಬ್ರೇಡ್ ಅದರ ಮೈ ಸುತ್ತ ಹೆಣೆದುಕೊಂಡು ಕಚ್ಚಿ ಹಿಡಿಯುತ್ತದೆ. ಅದಕ್ಕೇ ರಾಡಿನ ರಿಂಗುಗಳಲ್ಲಿ ತೊಡಕಿಲ್ಲದೆ ಹಾದುಹೋಗುತ್ತದೆ.

1. ಬ್ರೇಡನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ರಾಡನ್ನು ಗೋಡೆಗೆ ಆನಿಸಿ, ಬ್ರೇಡಿನ ತುದಿಯನ್ನು ಕಿರುಬೆರಳಿಗೆ ಸುತ್ತಿಕೊಂಡರೆ ಸಾಕು. ಸಡಿಲವಾದರೆ ಹೆಣಿಗೆ ಕೂರುವುದಿಲ್ಲ.

2. ಲೀಡರ್‌ನ ತುದಿಯನ್ನು ಬ್ರೇಡಿನ ಮೇಲೊಮ್ಮೆ ಒಂದು ಬದಿಯಿಂದ, ಕೆಳಗೊಮ್ಮೆ ಇನ್ನೊಂದು ಬದಿಯಿಂದ ಹಾಯಿಸುತ್ತಾ ಹೋಗಿ. ಪ್ರತಿ ಸುತ್ತಿಗೂ ಹಿಂದಿನ ಸುತ್ತಿಗೆ ತಾಗಿಸಿ ಒತ್ತಿ. ಇಪ್ಪತ್ತು ಸುತ್ತು ಹಾಕಿ.

3. ಹೆಣಿಗೆಯನ್ನು ಬೆರಳಲ್ಲಿ ಗಟ್ಟಿಯಾಗಿ ಹಿಡಿದು, ಬ್ರೇಡಿನ ಉಳಿದ ತುದಿಯಿಂದ ಲೀಡರ್ ಮತ್ತು ಬ್ರೇಡ್ ಎರಡನ್ನೂ ಸೇರಿಸಿ ಒಂದೆರಡು ಅರ್ಧಗಂಟು ಹಾಕಿ.

4. ನೀರು ಅಥವಾ ಎಂಜಲು ಹಚ್ಚಿ, ಕೈಗವಸು ತೊಟ್ಟು, ಬ್ರೇಡನ್ನೂ ಲೀಡರನ್ನೂ ಎದುರು ಬದಿಗೆ ಜೋರಾಗಿ ಎಳೆಯಿರಿ. ಇಲ್ಲೇ ಕಣ್ಣಿಟ್ಟು ನೋಡಬೇಕು. ಸರಿ ಕೂತರೆ ಹೆಣಿಗೆಯ ಬಣ್ಣ ಗಾಢವಾಗುತ್ತದೆ, ಉದ್ದ ಸ್ವಲ್ಪ ಕುಗ್ಗುತ್ತದೆ, ಬ್ರೇಡ್ ಲೀಡರ್‌ನ ಮೈಗೆ ಇಳಿಯುತ್ತದೆ.

5. ಲೀಡರ್‌ನ ಮಿಕ್ಕ ತುದಿಯನ್ನು ಒತ್ತಿ ಕತ್ತರಿಸಿ. ಲೈಟರ್ ಬೆಂಕಿಯನ್ನು ದೂರದಿಂದ ತೋರಿಸಿ ತುದಿ ಸಣ್ಣ ಗುಂಡಗಾಗುವಂತೆ ಕರಗಿಸಿ. ಬ್ರೇಡಿಗೆ ಬಿಸಿ ತಗುಲಿದರೆ ಎಲ್ಲಾ ಬಿಚ್ಚಿ ಮೊದಲಿನಿಂದ ಮಾಡಿ.

6. ಮುಖ್ಯ ಬ್ರೇಡಿನ ಮೇಲೆ ಇನ್ನೊಂದು ಎಂಟು ಹತ್ತು ಅರ್ಧಗಂಟು, ಒಮ್ಮೆ ಈ ಕಡೆ ಒಮ್ಮೆ ಆ ಕಡೆ, ಹಾಕಿ ಮುಗಿಸಿ.

ಕೆಟ್ಟ ಗಂಟಿನ ಲಕ್ಷಣ ಬರಿಗಣ್ಣಿಗೇ ಕಾಣುತ್ತದೆ. ಸುತ್ತುಗಳ ನಡುವೆ ಲೀಡರ್ ಇಣುಕುತ್ತಿದ್ದರೆ ಕೆಟ್ಟದ್ದು. ಸುತ್ತು ಒಂದರ ಮೇಲೊಂದು ಹತ್ತಿದ್ದರೆ ಕೆಟ್ಟದ್ದು. ಉಗುರಿನಿಂದ ತಳ್ಳಿದರೆ ಹೆಣಿಗೆ ಸರಿದರೆ ಕೆಟ್ಟದ್ದು. ಪಾಸಾಗಿದೆ ಅನ್ನಿಸಿದ ಮೇಲೂ ಲೀಡರನ್ನು ಕಂಬಕ್ಕೆ ಕಟ್ಟಿ, ಕೈಗವಸು ಹಾಕಿ, ಮೈಭಾರ ಬಿಟ್ಟು ಎಳೆಯಿರಿ. ಮನೆಯಲ್ಲಿ ಜಾರಿದರೆ ಹೋಗುವುದು ಒಂದು ಅಡಿ ದಾರ ಅಷ್ಟೇ ಅಲ್ವಾ? ಟಿವಿ ನೋಡುತ್ತಲೂ ಸರಿಯಾಗಿ ಹಾಕಬಲ್ಲೆ ಅನ್ನುವಷ್ಟು ಕೈ ಕೂರುವ ತನಕ ಅಭ್ಯಾಸ ಮಾಡಿ, ಯಾಕೆಂದರೆ ಇದೇ ಗಂಟನ್ನು ಓಲಾಡುವ ಬೋಟಿನಲ್ಲಿ, ಒದ್ದೆ ಕೈಯಲ್ಲಿ, ಹೊಟ್ಟೆ ತೊಳಸುವಾಗಲೂ ಹಾಕಬೇಕಾಗುತ್ತದೆ.

ಹಂತ 6: ಡ್ರ್ಯಾಗ್ ಅಳೆಯುವುದು

ಡ್ರ್ಯಾಗ್ ಅಂದರೆ ಮೀನು ಎಳೆದಾಗ ದಾರ ಬಿಟ್ಟುಕೊಡುವ ಮೊದಲು ರೀಲ್ ತಡೆಯುವ ಬಿಗಿ. "ಸ್ವಲ್ಪ ಟೈಟ್ ಮಾಡಿದ್ದೀನಿ" ಅನ್ನುವುದು ಅಳತೆಯಲ್ಲ. ಬ್ಯಾಗ್ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ತನ್ನಿ. ಬೆಲ್ಟ್ ಕಟ್ಟಿಕೊಂಡು ರಾಡ್ ಹಿಡಿದು ನಿಲ್ಲಿ. ಲೀಡರ್ ತುದಿಯನ್ನು ತಕ್ಕಡಿಗೆ ಸಿಕ್ಕಿಸಿ ಗೆಳೆಯ ಎಳೆಯುತ್ತಾ ಹಿಂದೆ ನಡೆಯಲಿ. ದಾರ ಬಿಟ್ಟುಕೊಡಲು ಶುರುವಾದಾಗ ತಕ್ಕಡಿ ಎಷ್ಟು ತೋರಿಸುತ್ತದೆ ನೋಡಿ.

ದಾರದ ಬಲದ ಮೂರನೇ ಒಂದು ಭಾಗ ಮೀರಬಾರದು ಅನ್ನುವುದು ಹಳೆಯ ಲೆಕ್ಕ. ಪಿಇ 8ಕ್ಕೆ ಅದು 12 ಕಿಲೋ ಆಸುಪಾಸು. ಹೊಸಬರು 8ರಿಂದ 10 ಕಿಲೋಗೆ ಇಟ್ಟುಕೊಳ್ಳಿ. 10 ಕಿಲೋ ಕೇಳಲು ಸಣ್ಣದು, ರಾಡಿನ ಕೊನೆಯಲ್ಲಿ ನೇತಾಡಿದಾಗ ಬೆನ್ನು ಬಗ್ಗಿಬಿಡುತ್ತದೆ. ನಿಂತಲ್ಲಿ ನಿಲ್ಲಲಾಗದೆ ಎರಡು ಹೆಜ್ಜೆ ಮುಂದೆ ಹೋದಿರಾ? ಹಾಗಾದರೆ ಬೋಟಿನಲ್ಲಿ ಅದು ನಿಮ್ಮನ್ನು ಕಟಕಟೆ ದಾಟಿಸುತ್ತದೆ. ಕಡಿಮೆ ಮಾಡಿ. ಸರಿಯಾದ ಜಾಗ ಸಿಕ್ಕಿದ ಮೇಲೆ ಡ್ರ್ಯಾಗ್ ತಿರುಗಿಸುವ ಗುಂಡಿಯ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿ.

ಹಂತ 7: ಮೈ ಮತ್ತು ಕೈ ಸಿದ್ಧತೆ

ಕೊಕ್ಕೆ ಬಿಚ್ಚಿದ ಪಾಪರ್ ತಗೊಂಡು ಜನ ಇಲ್ಲದ ಖಾಲಿ ಮೈದಾನಕ್ಕೆ ಹೋಗಿ ಬೀಸಿ. ಅರ್ಧ ಗಂಟೆಗೆ ಭುಜ ಹಿಡಿದುಕೊಳ್ಳುತ್ತದೆ. ಅಲ್ಲಿ ಇಡೀ ದಿನ ಬೀಸಬೇಕು. ತೋಳಿನಿಂದ ಬೀಸುವವರು ಬೇಗ ಸೋಲುತ್ತಾರೆ, ಸೊಂಟ ತಿರುಗಿಸಿ ಎರಡೂ ಕೈ ಬಳಸಿ ಬೀಸಿ.

ಹಂತ 8: ವಿಮಾನದ ಪ್ಯಾಕಿಂಗ್

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ, 2024ರಿಂದ ಶ್ರೀ ವಿಜಯಪುರಂ, ವಿಮಾನದಲ್ಲಿ ಹೋಗುವುದು ಸುಲಭ. ಕಷ್ಟ ಇರುವುದು ತೂಕದಲ್ಲಿ. ರಾಡ್ ಟ್ಯೂಬಿನ ಉದ್ದವನ್ನು ಏರ್‌ಲೈನ್‌ಗೆ ಮೊದಲೇ ಹೇಳಿ, ನಾಲ್ವರ ರಾಡನ್ನೂ ಒಂದೇ ಗಟ್ಟಿ ಟ್ಯೂಬಿಗೆ ಹಾಕಿ. ಕೊಕ್ಕೆ, ಇಕ್ಕಳ, ಕತ್ತರಿ ಚೆಕ್‌ಇನ್ ಬ್ಯಾಗಿಗೆ. ರೀಲ್ ಕೈಚೀಲದಲ್ಲಿ ಬಿಡುತ್ತಾರಾ ಇಲ್ಲವಾ ಅನ್ನುವುದು ಭದ್ರತಾ ಸಿಬ್ಬಂದಿಯ ಮೇಲೆ ನಿಂತಿದೆ, ಕೇಳಿಕೊಂಡು ಹೋಗಿ. ಪವರ್ ಬ್ಯಾಂಕ್ ಕೈಚೀಲಕ್ಕೇ. ಸ್ಯಾಟಲೈಟ್ ಫೋನ್ ಮಾತ್ರ ಯಾರೂ ತರಬೇಡಿ. ಅನುಮತಿ ಇಲ್ಲದೆ ಭಾರತದಲ್ಲಿ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಅಮೆರಿಕದಿಂದ, ದುಬೈಯಿಂದ ಬಂದು ಸೇರಿಕೊಳ್ಳುವ ಗೆಳೆಯರಿಗೆ ಇದನ್ನು ಒತ್ತಿ ಹೇಳಿ.

ಹಂತ 9: ಬೋಟ್ ಹತ್ತಿದ ಮೇಲೆ

ವಾಂತಿ ಮಾತ್ರೆಯನ್ನು ವಾಂತಿ ಬಂದ ಮೇಲೆ ನುಂಗಿದರೆ ಪ್ರಯೋಜನವಿಲ್ಲ. ಯಾವ ಮಾತ್ರೆ, ಎಷ್ಟು ಅಂತ ಮನೆಯ ಡಾಕ್ಟರನ್ನು ಕೇಳಿ ಹಿಂದಿನ ರಾತ್ರಿಯಿಂದಲೇ ಶುರು ಮಾಡಿ. ಕೆಲವು ಮಾತ್ರೆಗೆ ಜೋಂಪು ಹತ್ತುತ್ತದೆ, ಊರಲ್ಲೇ ಒಮ್ಮೆ ತೆಗೆದುಕೊಂಡು ನೋಡಿ. ಹಿಂದಿನ ರಾತ್ರಿ ಪಾರ್ಟಿ ಬೇಡ. ಬೆಳಿಗ್ಗೆ ಎರಡು ಇಡ್ಲಿಯಷ್ಟು ಹಗುರ ತಿಂಡಿ ಇರಲಿ, ಖಾಲಿ ಹೊಟ್ಟೆ ಬೇಡ. ಅಲ್ಲಿ ಬೇಗ ಬೆಳಗಾಗುತ್ತದೆ, ಚಳಿಗಾಲದಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಹಾಗಾಗಿ ಬೆಳಗಿನ ಜಾವವೇ ಹೊರಡಿ.

ಬೀಸುವ ಮೊದಲು ಮೂರು ವಿಷಯ ನೋಡುವ ಅಭ್ಯಾಸ ಮಾಡಿಕೊಳ್ಳಿ: ರಾಡಿನ ತುದಿಗೆ ದಾರ ಸುತ್ತಿಕೊಂಡಿದೆಯಾ, ಬೇಲ್ (ರೀಲಿನಲ್ಲಿ ದಾರ ಹಿಡಿಯುವ ಬಾಗಿದ ತಂತಿ) ತೆರೆದಿದೆಯಾ, ಹಿಂದೆ ಯಾರಿದ್ದಾರೆ. ತುದಿಗೆ ದಾರ ಸಿಕ್ಕಿದ್ದಾಗ ಬೀಸಿದರೆ ಪಾಪರ್ ಕಡಿದುಕೊಂಡು ಗುಂಡಿನ ಹಾಗೆ ಹಾರುತ್ತದೆ. ಬೀಸುವವರು ಗಟ್ಟಿಯಾಗಿ ಕೂಗಿ ಹೇಳಲಿ. ಕೂತವರೂ ಕನ್ನಡಕ, ಟೋಪಿ ತೆಗೆಯಬಾರದು.

ಪಾಪರ್ ಬಿದ್ದ ತಕ್ಷಣ ಬೇಲ್ ಕೈಯಿಂದ ಮುಚ್ಚಿ, ಸಡಿಲ ದಾರ ಸುತ್ತಿಕೊಂಡು, ರಾಡನ್ನು ಪಕ್ಕಕ್ಕೆ ಉದ್ದಕ್ಕೆ ಎಳೆಯಿರಿ. ಗುಳುಕ್ ಅಂತ ನೊರೆ ಎದ್ದ ಮೇಲೆ ಒಂದೆರಡು ಸೆಕೆಂಡ್ ಬಿಟ್ಟು ಮತ್ತೆ. ಮೀನು ಹಿಂದೆ ಬಂದು ಗುರಿ ತಪ್ಪಿದರೆ ಗಾಬರಿಯಾಗಿ ನಿಲ್ಲಿಸಬೇಡಿ. ಅದೇ ಲಯದಲ್ಲಿ ಎಳೆಯುತ್ತಿರಿ, ಬಹಳ ಸಲ ತಿರುಗಿ ಬರುತ್ತದೆ.

ಹಂತ 10: ಮೀನು ಹೊಡೆದಾಗ

ನೀರು ಸಿಡಿದದ್ದು ಕಂಡ ಕೂಡಲೇ ರಾಡ್ ಎತ್ತಬೇಡಿ, ಪಾಪರ್ ಮೀನಿನ ಬಾಯಿಂದ ಹೊರಬರುತ್ತದೆ. ಕೈಗೆ ಭಾರ ಬರಲಿ, ಆಮೇಲೆ ಪಕ್ಕಕ್ಕೆ ಎರಡು ಸಲ ಬಲವಾಗಿ ಎಳೆದು ಕೊಕ್ಕೆ ಕೂರಿಸಿ. ರಾಡಿನ ಬುಡ ಬೆಲ್ಟಿಗೆ.

ಮೊದಲ ಅರ್ಧ ನಿಮಿಷದಲ್ಲೇ ತೀರ್ಮಾನ. ಜಿಟಿ ಸೀದಾ ಬಂಡೆಗೆ ನುಗ್ಗುತ್ತದೆ. ಈ ಹೊತ್ತಿಗೆ ಬೋಟಿನವರು ಆಳದ ಕಡೆಗೆ ತಿರುಗಿಸಬೇಕು, ಇದನ್ನು ಬೆಳಿಗ್ಗೆಯೇ ಮಾತಾಡಿಕೊಂಡಿರಿ. ಇನ್ನೊಬ್ಬರು ತಮ್ಮ ದಾರ ತಕ್ಷಣ ಸುತ್ತಿಕೊಳ್ಳಲಿ. ಗಾಬರಿಯಲ್ಲಿ ಡ್ರ್ಯಾಗ್ ಬಿಗಿ ಮಾಡುವುದು, ಸ್ಪೂಲನ್ನು ಕೈಯಲ್ಲಿ ಹಿಡಿಯುವುದು ಎರಡೂ ಬೇಡ. ಬೆರಳ ಚರ್ಮ ಕಿತ್ತುಬರುತ್ತದೆ. ರಾಡನ್ನು ತಲೆಯ ಮೇಲಕ್ಕೆ ನೆಟ್ಟಗೆ ಎತ್ತಿದರೆ ಮೀನು ಬೋಟಿನ ಕೆಳಗೆ ಬಂದಾಗ ರಾಡ್ ಮುರಿಯುತ್ತದೆ. ಸಣ್ಣ ಸಣ್ಣದಾಗಿ ಎತ್ತಿ, ಇಳಿಸುತ್ತಾ ಸುತ್ತಿ. ಮಧ್ಯೆ ರಾಡ್ ಕೈ ಬದಲಾಯಿಸಬೇಡಿ, ಬೆನ್ನು ಹಿಡಿಯಲು ಬೆಲ್ಟಿನ ಹಿಂದೆ ಒಬ್ಬ ನಿಂತಿರಲಿ. ಲೀಡರ್ ಕೈಗೆ ಸಿಕ್ಕಾಗ ಅದನ್ನು ಯಾರೂ ಅಂಗೈಗೆ ಸುತ್ತಿಕೊಳ್ಳಬಾರದು.

ಹಂತ 11: ಫೋಟೋ ಮತ್ತು ಬಿಡುವುದು

ಜಿಟಿಯನ್ನು ಬಿಟ್ಟುಬಿಡಬೇಕು. ಒಂದೇ ದಿಬ್ಬದಲ್ಲಿ ವರ್ಷಗಟ್ಟಲೆ ಬೆಳೆದ ಮೀನು ಅದು, ಎರಡು ಮೂರು ಗುಂಪು ಕೊಂದು ತಂದರೆ ಆ ದಿಬ್ಬ ಬರಿದಾಗುತ್ತದೆ. ಇನ್ನೊಂದು ಕಾರಣ ಹೊಟ್ಟೆಯದ್ದು. ಹವಳದ ದಿಬ್ಬದ ದೊಡ್ಡ ಬೇಟೆ ಮೀನುಗಳ ಮಾಂಸದಲ್ಲಿ ಸಿಗ್ವಾಟಾಕ್ಸಿನ್ ವಿಷ ಸೇರಿರಬಹುದು, ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಊಟಕ್ಕೆ ಬಂಗುಡೆ ಸಾರು ಹೋಟೆಲ್‌ನಲ್ಲಿ ಸಿಗುತ್ತದೆ.

ಕ್ಯಾಮೆರಾ ಮೊದಲು ಸಿದ್ಧವಾಗಲಿ, ಆಮೇಲೆ ಮೀನು ಮೇಲಕ್ಕೆ. ಕೊಕ್ಕೆಯನ್ನು ಸಾಧ್ಯವಾದರೆ ಮೀನು ನೀರಲ್ಲಿರುವಾಗಲೇ ಇಕ್ಕಳದಿಂದ ಬಿಡಿಸಿ. ಕೈ ಒದ್ದೆ ಮಾಡಿಕೊಳ್ಳಿ. ಒಂದು ಕೈ ಬಾಲದ ಬುಡಕ್ಕೆ, ಇನ್ನೊಂದು ಹೊಟ್ಟೆಯ ಕೆಳಗೆ, ಅಡ್ಡಲಾಗಿ ಎತ್ತಿ. ಬಾಯಿಗೆ ಗ್ರಿಪ್ ಹಾಕಿ ನೆಟ್ಟಗೆ ನೇತುಹಾಕಿದರೆ ಅದರ ತೂಕವೇ ಅದರ ಒಳಗಿನ ಅಂಗಗಳನ್ನು ಜಗ್ಗುತ್ತದೆ. ನಾಲ್ವರೂ ಸರದಿಯಲ್ಲಿ ಹಿಡಿದು ಫೋಟೋ ತೆಗೆಸಿಕೊಳ್ಳುವ ಆಸೆ ಬಿಡಿ. ಒಂದೇ ಗುಂಪು ಫೋಟೋ, ಅರ್ಧ ನಿಮಿಷದೊಳಗೆ. ಮೀನಿನ ಕಿವಿರು ಬಿಳಿಚಿಕೊಂಡರೆ, ಮೈ ಜೋಲುಬಿದ್ದರೆ ಫೋಟೋ ಇಲ್ಲದೆಯೂ ನೀರಿಗೆ ಬಿಡಿ. ತಲೆ ಕೆಳಗಾಗಿ ಜೋರಾಗಿ ನೀರಿಗೆ ತಳ್ಳಿದರೆ ಕಿವಿರಿಗೆ ನೀರು ನುಗ್ಗಿ ಎಚ್ಚರಾಗುತ್ತದೆ. ಸುತ್ತ ಶಾರ್ಕ್ ತಿರುಗುತ್ತಿದ್ದರೆ ಜಾಗ ಬದಲಿಸಿ, ಬಿಟ್ಟ ಮೀನು ಅವುಗಳ ಪಾಲಾಗುತ್ತದೆ.

ನಿಲ್ಲಿಸಬೇಕಾದ ಸೂಚನೆಗಳು

ಬಿಸಿಲಲ್ಲಿ ಯಾರಿಗಾದರೂ ಬೆವರುವುದು ನಿಂತು ತಲೆ ತಿರುಗಿದರೆ ಅವನ ದಿನ ಮುಗಿಯಿತು. ನೆರಳಿಗೆ ಕೂರಿಸಿ, ಮೈ ಒದ್ದೆ ಮಾಡಿ, ಪ್ರಜ್ಞೆ ಇದ್ದರೆ ಓಆರ್‌ಎಸ್ ಕೊಡಿ, ದಡಕ್ಕೆ ತಿರುಗಿ. ಮೋಡ ಕಪ್ಪಾಗಿ ತಂಗಾಳಿ ದಿಢೀರ್ ಬೀಸಿದರೆ ರಾಡ್ ಮಲಗಿಸಿ ವಾಪಸ್ ಹೊರಡಿ. ಕಾರ್ಬನ್ ರಾಡ್ ಸಿಡಿಲಿಗೆ ಕರೆ ಕೊಟ್ಟ ಹಾಗೆ. ಕೊಕ್ಕೆ ಕಣ್ಣಿಗೆ, ಕುತ್ತಿಗೆಗೆ, ಕೀಲಿಗೆ ಚುಚ್ಚಿದ್ದರೆ ಕೀಳಲು ಹೋಗಬೇಡಿ. ಪಾಪರ್ ಮಾತ್ರ ಬೇರ್ಪಡಿಸಿ, ಕೊಕ್ಕೆ ಅಲುಗದಂತೆ ಕಟ್ಟಿ, ಪೋರ್ಟ್ ಬ್ಲೇರ್‌ನ ಜಿ.ಬಿ. ಪಂತ್ ಆಸ್ಪತ್ರೆಗೆ ಅಥವಾ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಬೋಟಿಗೇ ತೊಂದರೆಯಾದರೆ ವಿಎಚ್‌ಎಫ್ ಚಾನೆಲ್ 16, ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್ ಸಹಾಯವಾಣಿ 1554. ಈ ನಂಬರ್ ನಾಲ್ವರ ಫೋನಿನಲ್ಲೂ ಇರಲಿ.

ಹಂತ 12: ಪ್ರತಿ ಸಂಜೆಯ ಕೆಲಸ

ರೂಮಿಗೆ ಬಂದು ಬಿದ್ದುಕೊಳ್ಳುವ ಮೊದಲು ಡ್ರ್ಯಾಗ್ ಬಿಗಿ ಮಾಡಿ, ರೀಲಿಗೆ ಸಿಹಿನೀರನ್ನು ಮೆಲ್ಲಗೆ ಸುರಿದು ಉಪ್ಪು ತೊಳೆಯಿರಿ. ನಲ್ಲಿಯ ಜೋರು ನೀರು ಬಿಟ್ಟರೆ ಉಪ್ಪು ಒಳಗೇ ಹೋಗುತ್ತದೆ. ಒರೆಸಿ, ಡ್ರ್ಯಾಗ್ ಪೂರ್ತಿ ಸಡಿಲಿಸಿ ಒಣಗಲು ಇಡಿ. ಬ್ರೇಡಿನ ಮೊದಲ ಹತ್ತು ಮೀಟರನ್ನು ಎರಡು ಬೆರಳ ನಡುವೆ ಎಳೆದು ನೋಡಿ, ಎಲ್ಲಾದರೂ ನಾರು ಎದ್ದಿದ್ದರೆ ಅಲ್ಲಿಯವರೆಗೆ ಕತ್ತರಿಸಿ. ಲೀಡರ್‌ನಲ್ಲಿ ಗೀರು ಸಿಕ್ಕರೆ ಅದನ್ನೂ ಬದಲಿಸಿ. ಮೀನು ಎಳೆದ ಗಂಟು ಎಷ್ಟು ಚೆನ್ನಾಗಿ ಕಂಡರೂ ಕತ್ತರಿಸಿ ಹೊಸದು ಹಾಕಿ, ಹೊಸ ಲೀಡರ್ ಹಾಕಿದ ಮೇಲೆ ಡ್ರ್ಯಾಗ್ ಮತ್ತೊಮ್ಮೆ ತಕ್ಕಡಿಯಲ್ಲಿ ನೋಡಿ, ಆಮೇಲೆ ಊಟಕ್ಕೆ ಹೋಗಿ.